ಅಂಗನವಾಡಿಗೆ ಹೊರಟವರ ಕೈಚೀಲ

ಅಭ್ಯಾಸ ಬೋಧನೆಗೆ ಹೊರಡುವ ಹಿಂದಿನ ಸಂಜೆ ನಮ್ಮ ಪ್ರಶಿಕ್ಷಣಾರ್ಥಿಗಳ ಚೀಲ ತೆಗೆಸಿ ನೋಡುವುದು ನನಗೆ ರೂಢಿಯಾಗಿದೆ. ಎಲ್ಲರ ಚೀಲದಲ್ಲೂ ಹೆಚ್ಚುಕಡಿಮೆ ಅವೇ ವಸ್ತುಗಳು. ಸುರುಳಿ ಸುತ್ತಿದ ಚಾರ್ಟು, ಥರ್ಮಾಕೋಲಿನಲ್ಲಿ ಕೊರೆದ ಹಣ್ಣು ತರಕಾರಿ, ಹೊಳೆಯುವ ಪುಡಿ ಅಂಟಿಸಿದ ಮಿಂಚುಪಟ್ಟಿಗಳು, ಬಣ್ಣದ ಅಂಚು ಎಳೆದ ಪಾಠಯೋಜನೆ ಪುಸ್ತಕ. ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ್ದೆಂದು ನೋಡಿದರೇ ತಿಳಿಯುತ್ತದೆ. ಇಲ್ಲದಿರುವುದು ಬೇರೆ: ಮೂಗು ಒರೆಸಲು ಒಂದು ಹಳೆಯ ಹತ್ತಿಬಟ್ಟೆ, ಕಿಸೆಯಲ್ಲಿ ಹಿಡಿಯುವ ಒಂದು ಖಾಲಿ ನೋಟ್‌ಬುಕ್ಕು, ಪುಸ್ತಕ ನೋಡದೆ ಹೇಳಬಲ್ಲ ಒಂದು ಕಥೆ.

ದೊಡ್ಡ ತರಗತಿಗೆ ಹೋಗುವವರು ಒಂದು ಪಾಠಕ್ಕೆ ಸಿದ್ಧರಾದರೆ ನಡೆದೀತು. ಮೂರರಿಂದ ಆರು ವರ್ಷದ ಮಕ್ಕಳ ಬಳಿ ಹೋಗುವವರು ಮಗುವಿನ ಇಡೀ ದಿನಕ್ಕೆ ಸಿದ್ಧರಾಗಬೇಕು. ಅದರಲ್ಲಿ ಅಳು ಇದೆ, ಹಸಿವಿದೆ, ಒದ್ದೆಯಾದ ಚಡ್ಡಿ ಇದೆ, ಅರ್ಧ ಕೇಳಿ ಎದ್ದುಹೋಗುವ ಕಥೆ ಇದೆ. ಇಷ್ಟು ವರ್ಷಗಳಲ್ಲಿ ಪ್ರಶಿಕ್ಷಣಾರ್ಥಿಗಳ ಬಾಯಲ್ಲೂ ಅವರ ಮನೆಯವರ ಬಾಯಲ್ಲೂ ಮತ್ತೆ ಮತ್ತೆ ಕೇಳಿದ ಮಾತುಗಳಿವೆ. ಅವನ್ನು ಒಂದೊಂದಾಗಿ ಇಲ್ಲಿ ಎತ್ತಿಕೊಳ್ಳುತ್ತೇನೆ.

“ಚಿಕ್ಕ ಮಕ್ಕಳು ತಾನೇ, ಅದಕ್ಕೇನು ಓದಿಕೊಂಡು ಹೋಗೋದು?”

ಹತ್ತನೇ ತರಗತಿಗೆ ಗಣಿತ ಹೇಳುವವರಿಗೆ ಮೂವತ್ತು ಮಕ್ಕಳು ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅಂಗನವಾಡಿಯ ಒಂದೇ ಕೋಣೆಯಲ್ಲಿ ಮೂರು ತುಂಬಿದ ಮಗುವೂ ಇರುತ್ತದೆ, ಆರಕ್ಕೆ ಕಾಲಿಟ್ಟ ಮಗುವೂ ಇರುತ್ತದೆ. ಈ ಮೂರು ವರ್ಷದ ಅಂತರ ಅವರ ಬದುಕಿನ ಅರ್ಧದಷ್ಟು. ಮೂರರ ಮಗು ಪಕ್ಕದ ಮಗುವಿನ ಜತೆ ಆಡುವುದಿಲ್ಲ, ಪಕ್ಕದಲ್ಲಿ ಕೂತು ತನ್ನ ಪಾಡಿಗೆ ಆಡುತ್ತದೆ. ಅಮೆರಿಕದ ಮಿಲ್ಡ್ರೆಡ್ ಪಾರ್ಟೆನ್ 1932ರಲ್ಲಿ ಮಕ್ಕಳ ಆಟವನ್ನು ಗಮನಿಸಿ ಬರೆದ ಪ್ರಬಂಧದಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದರು. ನಾಲ್ಕು ದಾಟಿದ ಮೇಲೆ “ನೀನು ಅಂಗಡಿ, ನಾನು ಗಿರಾಕಿ” ಎಂಬ ಒಪ್ಪಂದದ ಆಟ ಶುರುವಾಗುತ್ತದೆ. ಇದು ಗೊತ್ತಿಲ್ಲದೆ ಹೋದ ಪ್ರಶಿಕ್ಷಣಾರ್ಥಿ ಮೂರರ ಮಗುವನ್ನು ಗುಂಪಾಟಕ್ಕೆ ಎಳೆದು, ಅದು ಬರದಿದ್ದಾಗ “ಈ ಮಗು ಬೆರೆಯುವುದಿಲ್ಲ” ಎಂದು ಬರೆದಿಡುತ್ತಾಳೆ. ಮಗು ತನ್ನ ವಯಸ್ಸಿಗೆ ಸರಿಯಾಗಿಯೇ ಇತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. ಮಿದುಳಿನ ಒಟ್ಟು ಬೆಳವಣಿಗೆಯ ಶೇ. 85ಕ್ಕಿಂತ ಹೆಚ್ಚು ಆರು ವರ್ಷಕ್ಕೆ ಮುನ್ನವೇ ಆಗುತ್ತದೆ ಎಂಬ ಮಾತೂ ಆ ದಾಖಲೆಯಲ್ಲಿದೆ. ಈ ಸಂಖ್ಯೆಯನ್ನು ನಮ್ಮ ಹುಡುಗಿಯರು ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ನಾಳೆ ತೊಡೆಯ ಮೇಲೆ ಬಂದು ಕೂರುವ ಮಗುವಿಗೂ ಆ ಸಂಖ್ಯೆಗೂ ಸಂಬಂಧವಿದೆ ಎನ್ನುವುದು ಮನಸ್ಸಿಗೆ ಇಳಿಯಲು ಇನ್ನೂ ಸ್ವಲ್ಪ ಕಾಲ ಬೇಕಾಗುತ್ತದೆ.

“ಹೆಣ್ಣುಮಕ್ಕಳಿಗೆ ಇದು ಹುಟ್ಟಿನಿಂದಲೇ ಬಂದಿರುತ್ತೆ”

ಈ ಮಾತು ಹೆಣ್ಣುಮಕ್ಕಳ ಕೆಲಸವನ್ನು ಕೆಲಸವೆಂದೇ ಎಣಿಸದಂತೆ ಮಾಡುತ್ತದೆ. ಈ ಕೆಲಸಕ್ಕೆ ಮನಸ್ಸಿರುವ ಗಂಡುಮಕ್ಕಳನ್ನು ಬಾಗಿಲಲ್ಲೇ ತಡೆಯುತ್ತದೆ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. ಮಗ ಹುಟ್ಟಿದ ಮೇಲೆ ಮಕ್ಕಳನ್ನು ಬೆಳೆಸುವುದು ಹೇಗೆಂದು ಯೋಚಿಸತೊಡಗಿ, ಇಟಲಿಯ ಶಿಕ್ಷಣತಜ್ಞೆ ಮಾಂಟೆಸರಿಯವರ ಬರಹ ಓದಿ, ವಕೀಲಿಕೆ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು. ಅಲ್ಲಿನ ಜನ ಅವರನ್ನು ಪ್ರೀತಿಯಿಂದ “ಮೂಛಾಳಿ ಮಾ” ಎಂದರು, ಅಂದರೆ ಮೀಸೆಯ ತಾಯಿ. ಅವರಿಗೆ ಇದು ಹುಟ್ಟಿನಿಂದ ಬಂದಿರಲಿಲ್ಲ. ಓದಿ, ನೋಡಿ, ಮಕ್ಕಳ ನಡುವೆ ದಿನಗಟ್ಟಲೆ ಕೂತು ಕಲಿತದ್ದು. ತಮ್ಮ ತಂಗಿಯರನ್ನು ಎತ್ತಿ ಆಡಿಸಿ ಬೆಳೆದ ನಮ್ಮ ಹುಡುಗಿಯರಿಗೆ ಅನುಭವವಿದೆ ನಿಜ. ಆದರೆ ಮನೆಯಲ್ಲಿ ಒಂದು ಮಗುವನ್ನು ಸುಧಾರಿಸುವುದಕ್ಕೂ ಇಪ್ಪತ್ತೈದು ಮಕ್ಕಳನ್ನು ಒಟ್ಟಿಗೆ ಊಟಕ್ಕೆ ಕೂರಿಸುವುದಕ್ಕೂ ನಡುವೆ ಕಲಿಯಬೇಕಾದದ್ದು ಬಹಳ ಇದೆ.

“ಪಾಠಯೋಜನೆ ಪಕ್ಕಾ ಇದ್ದರೆ ಅರ್ಧ ಕೆಲಸ ಮುಗೀತು”

ಇದು ನನ್ನದೇ ತಪ್ಪು ಕಲ್ಪನೆಯಾಗಿತ್ತು. ನಾನು ತರಬೇತಿಯಲ್ಲಿದ್ದಾಗ ಮೊದಲ ಅಭ್ಯಾಸ ಪಾಠಕ್ಕೆ ಆರಿಸಿಕೊಂಡದ್ದು ತರಕಾರಿಗಳು. ನಲವತ್ತು ನಿಮಿಷದ ಯೋಜನೆ. ಪೀಠಿಕೆ, ಹೇಳಿಕೆ, ವಿವರಣೆ, ಪುನರಾವರ್ತನೆ, ಗೃಹಪಾಠ, ಎಲ್ಲವೂ ಅಚ್ಚುಕಟ್ಟು. ಬದನೆಕಾಯಿ ಎತ್ತಿ ಹಿಡಿದು “ಇದೇನು?” ಎಂದೆ. “ಬದ್ನೇಕಾಯಿ!” ಎಂದು ಎಲ್ಲರೂ ಕೂಗಿದರು. ಟೊಮೆಟೊ, ಬೆಂಡೆಕಾಯಿ, ಆಲೂಗಡ್ಡೆ. ಆರೇ ನಿಮಿಷದಲ್ಲಿ ನನ್ನ ಬುಟ್ಟಿ ಖಾಲಿ. ಅವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು, ಹೊಲದಲ್ಲಿ ಬಿಡಿಸಿದವರೂ ಇದ್ದರು. ಒಬ್ಬ ಹುಡುಗ ಎದ್ದು ಬಂದು ಬೆಂಡೆಕಾಯಿ ಮುರಿದು ಅದರ ಲೋಳೆಯನ್ನು ಬೆರಳಿಗೆ ಎಳೆದು ನೋಡತೊಡಗಿದ. ಇನ್ನಿಬ್ಬರು ಬಂದರು. ನಾನು ಬೆಂಡೆಕಾಯಿ ಕಿತ್ತುಕೊಂಡು ಅವರನ್ನು ಕೂರಿಸಿದೆ, ಯೋಜನೆಯಲ್ಲಿ ಅದು ಇರಲಿಲ್ಲವಲ್ಲ. ಉಳಿದ ಮೂವತ್ತನಾಲ್ಕು ನಿಮಿಷ ಆ ಕೋಣೆಯಲ್ಲಿ ಯಾರೂ ಏನೂ ಕಲಿಯಲಿಲ್ಲ. ಬೆಂಡೆಕಾಯಿಯ ಅಡ್ಡ ಸೀಳಿನಲ್ಲಿ ಐದು ಮೂಲೆಯ ನಕ್ಷತ್ರವಿರುತ್ತದೆ, ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವಿನಂಥ ಅಚ್ಚು ಬೀಳುತ್ತದೆ. ಆ ಹುಡುಗ ನನಗೆ ಪಾಠವನ್ನು ಕೈಗೇ ಕೊಟ್ಟಿದ್ದ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಯೋಜನೆ ಬೇಡವೆಂದು ನಾನು ಹೇಳುವುದಿಲ್ಲ. ಯೋಜನೆ ದಿನದ್ದಾಗಿರಬೇಕು. ಮಕ್ಕಳು ಬಂದಾಗ ಬಾಗಿಲಲ್ಲಿ ಯಾರು ಎದುರುಗೊಳ್ಳುತ್ತಾರೆ? ಮೊದಲ ಅರ್ಧ ಗಂಟೆ ಬಿಡಿ ಆಟಕ್ಕೆ ಏನೇನು ಹರವಿರುತ್ತೀರಿ? ಕುಣಿದು ಬಂದ ಮಕ್ಕಳನ್ನು ಕಥೆಗೆ ಕೂರಿಸುವ ಮುನ್ನ ಉಸಿರು ಇಳಿಸಿಕೊಳ್ಳಲು ಯಾವ ಹಾಡು? ಕೈತೊಳೆಯಲು ಸಾಲು ನಿಂತಾಗ ಹಿಂದೆ ಉಳಿದ ಹದಿನೈದು ಮಕ್ಕಳು ಏನು ಮಾಡುತ್ತಾರೆ? ತಳ್ಳಾಟ, ಬೀಳುವುದು, ಕಚ್ಚುವುದು, ಹೆಚ್ಚಿನವೆಲ್ಲ ಆಗುವುದು ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಈ ಸಂದಿಗಳಲ್ಲೇ. ಪಾಠಯೋಜನೆ ಪುಸ್ತಕದಲ್ಲಿ ಇವಕ್ಕೆ ಕಾಲಂ ಇಲ್ಲ. ನಾನು ನಮ್ಮ ಪ್ರಶಿಕ್ಷಣಾರ್ಥಿಗಳಿಂದ ಅಂಚಿನಲ್ಲಿ ಬರೆಸುತ್ತೇನೆ.

ಹಾಗೆಯೇ ಬಾಯಿಪಾಠದ ಒಂದು ಗಂಟು ಇರಲಿ: ಅಭಿನಯಗೀತೆ ಐದು, ಕಥೆ ಮೂರು, ಕೂತಲ್ಲೇ ಆಡುವ ಬೆರಳಾಟ ಎರಡು. ಮಳೆ ಬಂದು ಅಂಗಳ ಕೆಸರಾದ ದಿನ, ಸಾಂಬಾರು ಬೇಯುವುದು ತಡವಾದ ದಿನ, ಇದೇ ನಿಮ್ಮನ್ನು ಕಾಪಾಡುವುದು. ಕಥೆಯನ್ನು ಪುಸ್ತಕ ಹಿಡಿದು ಓದುವುದಕ್ಕೆ ಅದರದೇ ಬೆಲೆಯಿದೆ, ಚಿತ್ರ ತೋರಿಸಿ ಓದಲೇಬೇಕು. ಆದರೆ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಕಥೆಯಲ್ಲಿ ಮಗು ನಡುವೆ ಬಾಯಿ ಹಾಕುತ್ತದೆ, “ಆಮೇಲೆ ನರಿಗೆ ಹೊಟ್ಟೆ ನೋವು ಬಂತಾ?” ಎನ್ನುತ್ತದೆ. ಆಗ ನರಿಗೆ ಹೊಟ್ಟೆನೋವು ಬರಿಸುವಷ್ಟು ಬಿಡುವು ನಿಮ್ಮಲ್ಲಿರಬೇಕು.

“ಬೋಧನೋಪಕರಣ ಅಂದರೆ ಚಾರ್ಟು, ಥರ್ಮಾಕೋಲು”

ಅಂಗನವಾಡಿ ಎಂಬ ಹೆಸರಿನಲ್ಲೇ ಇದಕ್ಕೆ ಉತ್ತರವಿದೆ. ಗಿಜುಭಾಯಿಯವರ ಜತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಬಂದರು; ಜತೆಗೆ ಅನುತಾಯಿ ವಾಘ್ ಸೇರಿಕೊಂಡರು. ಊರಾಚೆಯ ಮಕ್ಕಳು ಶಾಲೆಗೆ ಬರಲಿಲ್ಲ. ಬರದಿದ್ದರೆ ನಾವೇ ಹೋಗೋಣವೆಂದು ಅವರಿದ್ದ ಕಡೆಯ ಅಂಗಳದಲ್ಲೇ ಬಾಲವಾಡಿ ಹೂಡಿದರು. ದುಬಾರಿ ಸಾಮಗ್ರಿ ತರಿಸುವ ಶಕ್ತಿ ಇರಲಿಲ್ಲ. ಎಲೆ, ಬೀಜ, ಕಲ್ಲು, ಚಿಪ್ಪು, ಮಣ್ಣು, ಅಲ್ಲೇ ಸಿಗುವುದನ್ನೇ ಕಲಿಕೆಯ ಸಾಮಾನಾಗಿ ಮಾಡಿಕೊಂಡರು. ಅದೇ ಮುಂದೆ ಕೋಸಬಾಡ ಎಂಬ ಊರಿನಲ್ಲಿ ಬೆಳೆಯಿತು.

ನಾನು ಇದನ್ನು ಹೇಳಿದಾಗ ಪ್ರಶಿಕ್ಷಣಾರ್ಥಿಗಳು ಕೇಳುವ ಪ್ರಶ್ನೆ ಒಂದೇ: “ಮೇಡಂ, ಚಾರ್ಟ್ ಇಲ್ಲದಿದ್ದರೆ ಅಂಕ ಕೊಡ್ತಾರಾ?” ಆ ಹೆದರಿಕೆ ಸುಳ್ಳಲ್ಲ. ಮೌಲ್ಯಮಾಪನಕ್ಕೆ ಬರುವವರಲ್ಲಿ ಗೋಡೆಯ ಅಲಂಕಾರ ನೋಡಿ ಮೆಚ್ಚುವವರು ಇದ್ದಾರೆ, ಅದು ತಿದ್ದಬೇಕಾದ ಪದ್ಧತಿ. ಚಾರ್ಟು ಮಾಡುವುದೇ ಆದರೆ ಒಂದು ಕೆಲಸ ಮಾಡಿ: ಗೋಡೆಗೆ ಅಂಟಿಸುವ ಮುನ್ನ ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೇಲೆ ನೋಡಿ. ಬಹುಪಾಲು ಚಾರ್ಟುಗಳು ನಿಂತ ಮೇಷ್ಟ್ರ ಕಣ್ಣಿನ ಎತ್ತರದಲ್ಲಿರುತ್ತವೆ, ಮಗುವಿಗೆ ಕಾಣುವುದು ಕೆಳಗಿನ ಅಂಚು ಮಾತ್ರ.

ಒಳ್ಳೆಯ ಸಾಮಗ್ರಿಯ ಲಕ್ಷಣ ಮಾಂಟೆಸರಿಯವರ ಗುಲಾಬಿ ಗೋಪುರದಲ್ಲಿ ಕಾಣುತ್ತದೆ. ಹತ್ತು ಮರದ ಘನಗಳು. ಅತಿ ಚಿಕ್ಕದರ ಬದಿ ಒಂದು ಸೆಂಟಿಮೀಟರ್, ಅತಿ ದೊಡ್ಡದರದು ಹತ್ತು. ಬಣ್ಣ ಎಲ್ಲಕ್ಕೂ ಒಂದೇ, ಬದಲಾಗುವುದು ಗಾತ್ರ ಮಾತ್ರ. ಮಗು ತಪ್ಪಿ ಜೋಡಿಸಿದರೆ ಗೋಪುರವೇ ಅದನ್ನು ತೋರಿಸಿಕೊಡುತ್ತದೆ, ಟೀಚರ್ ಬಾಯಿ ಬಿಡಬೇಕಾಗಿಲ್ಲ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಮಾಂಟೆಸರಿ ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಕಳೆದು ಶಿಕ್ಷಕರನ್ನು ತಯಾರು ಮಾಡಿದರು. ಗೋಪುರ ಕೊಳ್ಳಲು ಹಣವಿಲ್ಲದಿದ್ದರೆ ಅದರ ತತ್ವವನ್ನು ಅಡುಗೆಮನೆಯಿಂದ ತರಬಹುದು: ಒಂದರೊಳಗೊಂದು ಕೂರುವ ಡಬ್ಬಿಗಳು, ಅವುಗಳ ಮುಚ್ಚಳಗಳು. ಯಾವ ಮುಚ್ಚಳ ಯಾವುದಕ್ಕೆ? ಡಬ್ಬಿಯೇ ಹೇಳುತ್ತದೆ.

ಒಂದು ಎಚ್ಚರಿಕೆ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಹುಣಸೆಬೀಜ, ಅವರೆಕಾಳು, ಮಣಿ, ಗುಂಡಿ, ಕಡಲೆಬೀಜ, ಇವು ಮೂರರ ಮಕ್ಕಳ ಮೂಗಿಗೂ ಕಿವಿಗೂ ಶ್ವಾಸನಾಳಕ್ಕೂ ಹೋಗುತ್ತವೆ. ಬೀಜದಾಟವಿದ್ದರೆ ಎಣಿಸಿ ಕೊಡಿ, ಎಣಿಸಿ ತೆಗೆದುಕೊಳ್ಳಿ, ನಡುವೆ ಎದ್ದು ಹೋಗಬೇಡಿ. ಚಿಕ್ಕವರಿಗೆ ಬಾಯಲ್ಲಿ ಹಿಡಿಸದಷ್ಟು ದೊಡ್ಡದನ್ನೇ ಕೊಡಿ.

“ಬರೆಸದಿದ್ದರೆ ಅಪ್ಪ ಅಮ್ಮ ಒಪ್ಪಲ್ಲ”

ಇಲ್ಲಿ ಎರಡು ಮಾತು ಒಂದಕ್ಕೊಂದು ಗಂಟು ಬಿದ್ದಿವೆ. ಅಪ್ಪ ಅಮ್ಮ ಒಪ್ಪುವುದಿಲ್ಲ ಎನ್ನುವುದು ಬಹಳ ಕಡೆ ನಿಜ. ಆದ್ದರಿಂದ ಬರೆಸಲೇಬೇಕು ಎನ್ನುವುದು ನಿಜವಲ್ಲ.

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಇನ್ನೂ ಮೂಳೆಯಾಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಎಲ್ಲವೂ ಮೂಳೆಯಾಗುವಷ್ಟರಲ್ಲಿ ಮಗು ಹತ್ತು ಹನ್ನೆರಡರ ಹತ್ತಿರ ಬಂದಿರುತ್ತದೆ. ಬೆರಳಿನ ಸಣ್ಣ ಸ್ನಾಯುಗಳೂ ಭುಜ, ತೋಳುಗಳ ದೊಡ್ಡ ಸ್ನಾಯುಗಳ ನಂತರ ಹಿಡಿತಕ್ಕೆ ಬರುವಂಥವು. ಮೂರೂವರೆ ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ‘ಅ’ ಪುಟ ತುಂಬಾ ತಿದ್ದಿಸಿದರೆ ಆಗುವುದು ಕೈನೋವು, ಪೆನ್ಸಿಲ್ ಹಿಡಿಯುವ ಕೆಟ್ಟ ರೂಢಿ, ಪುಸ್ತಕ ಕಂಡರೆ ಅಳು. ನಮ್ಮ ‘ಅ’ ಸುಲಭದ ಆಕಾರವೂ ಅಲ್ಲ, ಸುತ್ತಿ ಬಳಸಿ ಬರುವ ಗೆರೆ. ಕರ್ನಾಟಕದ ಒಂದನೇ ತರಗತಿಯಲ್ಲೇ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಹೇಳಿಕೊಡುವುದಿಲ್ಲ. ರ ಗ ಸ ದ ಅ, ಜ ವ ಮ ಬ ನ ಎಂದು ಆಕಾರದ ನೆಂಟಸ್ತಿಕೆ ನೋಡಿ ಗುಂಪು ಮಾಡಿದ್ದಾರೆ. ಒಂದನೇ ತರಗತಿಯ ಮೇಷ್ಟ್ರು ಇಷ್ಟು ಯೋಚಿಸಿ ಶುರುಮಾಡುವ ಕೆಲಸವನ್ನು ಮೂರರ ಮಗುವಿಗೆ ಹೇರುವುದು ಯಾವ ನ್ಯಾಯ?

ಹಾಗಾದರೆ ಏನು ಮಾಡಿಸಬೇಕು? ನಮ್ಮ ಮನೆಗಳೇ ಈ ಕೈಕೆಲಸದ ಗಣಿ. ಜೇಡಿಮಣ್ಣು ಕಲಸಿ ಉಂಡೆ ಕಟ್ಟುವುದು, ಚಪಾತಿ ಹಿಟ್ಟು ನಾದುವುದು, ಅವರೆಕಾಯಿ ಸುಲಿಯುವುದು, ಒದ್ದೆ ಬಟ್ಟೆ ಹಿಂಡುವುದು, ಕಾಗದ ಹರಿದು ಅಂಟಿಸುವುದು, ಮರಳಿನ ತಟ್ಟೆಯಲ್ಲಿ ಬೆರಳಾಡಿಸುವುದು, ಅಂಗಳದಲ್ಲಿ ರಂಗೋಲಿಯ ಚುಕ್ಕಿ ಇಡುವುದು. ಹೆಬ್ಬೆರಳು ತೋರುಬೆರಳುಗಳ ನಡುವೆ ರಂಗೋಲಿ ಪುಡಿ ಹಿಡಿಯುವ ಹದವೇ ನಾಳೆ ಪೆನ್ಸಿಲ್ ಹಿಡಿಯುವ ಹದ.

ಕಿವಿಯ ಕೆಲಸ ಇನ್ನೊಂದು, ಅದನ್ನು ನಮ್ಮಲ್ಲಿ ತೀರಾ ಮರೆಯುತ್ತಾರೆ. ಕನ್ನಡದಲ್ಲಿ ಮಾತು ಸಲೀಸಾಗಿ ಅಕ್ಷರ ಅಕ್ಷರವಾಗಿ ಒಡೆಯುತ್ತದೆ. ಬಾ-ಳೆ-ಹ-ಣ್ಣು, ನಾಲ್ಕು ಚಪ್ಪಾಳೆ. ಆ-ನೆ, ಎರಡು. ಮಗುವಿನ ಹೆಸರಿಗೆ ಎಷ್ಟು ಚಪ್ಪಾಳೆ? ‘ಮ’ದಿಂದ ಶುರುವಾಗುವ ಹೆಸರಿನವರೆಲ್ಲ ಕುಣಿಯಲಿ. ಒಂದಕ್ಷರ ಬರೆಯದೆ ಹೀಗೆ ಆಡಿದ ಮಗು ಒಂದನೇ ತರಗತಿಯಲ್ಲಿ ಅಕ್ಷರದ ಚಿತ್ರ ಕಂಡಾಗ ಅದಕ್ಕೆ ಧ್ವನಿಯನ್ನು ತಾನೇ ಜೋಡಿಸಿಕೊಳ್ಳುತ್ತದೆ.

ಇನ್ನು ಅಪ್ಪ ಅಮ್ಮ. “ಏನೂ ಕಲಿಸ್ತಿಲ್ವಂತೆ, ಬರೀ ಆಟವಂತೆ” ಎಂದು ಕೇಳಿಕೊಂಡು ಬರುತ್ತಾರೆ. ಅವರೊಡನೆ ವಾದಕ್ಕೆ ಇಳಿಯಬೇಡಿ. ಕೂಲಿ ಬಿಟ್ಟು, ಹೊಲದ ಕೆಲಸ ಬಿಟ್ಟು ಬಂದಿರುತ್ತಾರೆ, ಮಗುವಿನ ಮೇಲೆ ಆಸೆ ಇಟ್ಟುಕೊಂಡೇ ಬಂದಿರುತ್ತಾರೆ. ಮಗುವಿನ ಕೆಲಸಗಳನ್ನು ತಾರೀಕು ಹಾಕಿ ಒಂದು ಕಡತದಲ್ಲಿ ಕೂಡಿಡಿ. ಜೂನಿನಲ್ಲಿ ಗೀಚಿದ್ದು, ಜುಲೈಯಲ್ಲಿ ಗೀಚಿದ್ದು ಸುತ್ತಾಗಿದ್ದು, ಆಗಸ್ಟಿನಲ್ಲಿ ಆ ಸುತ್ತಿಗೆ ಕಣ್ಣು ಕಾಲು ಬಂದು “ನಮ್ಮಪ್ಪ” ಆಗಿದ್ದು. “ನೋಡಿ ಅಣ್ಣಾ, ಇದು ನೀವೇ ಅಂತೆ” ಎಂದು ಒಂದು ಹಾಳೆ ಕೈಗಿಟ್ಟರೆ ಅವರ ಮುಖವೇ ಬದಲಾಗುತ್ತದೆ. ಆಮೇಲೆ ಆಟದ ಬಗ್ಗೆ ಹೇಳಬಹುದು, ಕೇಳಿಸಿಕೊಳ್ಳುತ್ತಾರೆ.

“ಧ್ವನಿ ಜೋರಿದ್ದರೆ ಮಕ್ಕಳು ಹತೋಟಿಗೆ ಬರ್ತಾರೆ”

ಮೊದಲ ದಿನ ಬರುತ್ತಾರೆ. ಮೂರನೆಯ ದಿನ ನಿಮ್ಮ ಧ್ವನಿ ಹೋಗಿರುತ್ತದೆ, ಅವರದು ಹೋಗಿರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯ ಜತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆರು ದಾಟಿದ ಮಗುವಿಗೆ ಕೂಡದ್ದು ನಾಲ್ಕರ ಮಗುವಿಗೆ ಕೂಡುವುದು ಹೇಗೆ? ಹೊಡೆಯಬಾರದೆಂದು ನಮ್ಮ ಪ್ರಶಿಕ್ಷಣಾರ್ಥಿಗಳಿಗೆಲ್ಲ ಗೊತ್ತು. “ಗುಮ್ಮ ಬರ್ತಾನೆ”, “ಪೊಲೀಸ್ ಕರೀತೀನಿ”, “ಸೂಜಿ ಚುಚ್ಚಿಸ್ತೀನಿ”, ಇವೂ ಏಟುಗಳೇ ಎಂದು ಹೇಳಿದಾಗ ಬೆರಗಾಗುತ್ತಾರೆ, ಏಕೆಂದರೆ ಅವರು ಅವನ್ನೇ ಕೇಳಿಕೊಂಡು ಬೆಳೆದವರು. ನಾಳೆ ಲಸಿಕೆ ಹಾಕಲು ಬರುವ ನರ್ಸಮ್ಮನನ್ನು ಕಂಡು ಆ ಮಗು ಹೆದರಿ ಓಡಿದರೆ ಹೊಣೆ ಯಾರದು?

ಬೇಕಾದದ್ದು ಅಭ್ಯಾಸ. “ಓಡಬೇಡ” ಎಂದರೆ ಚಿಕ್ಕ ಮಗುವಿನ ಕಿವಿಗೆ ಗಟ್ಟಿಯಾಗಿ ಬೀಳುವುದು ಓಟವೇ. “ಮೆಲ್ಲಗೆ ನಡ್ಕೊಂಡ್ ಬಾ” ಎಂದರೆ ಏನು ಮಾಡಬೇಕೆಂದು ತಿಳಿಯುತ್ತದೆ. ದೂರದಿಂದ ಕೂಗುವ ಬದಲು ಹತ್ತಿರ ಹೋಗಿ, ಮಂಡಿಯೂರಿ, ಹೆಸರು ಹಿಡಿದು ಹೇಳಿ. ಇದನ್ನು ನಾವು ತರಗತಿಯಲ್ಲಿ ಇಬ್ಬಿಬ್ಬರಾಗಿ ಆಡಿ ಕಲಿಯುತ್ತೇವೆ, ಒಬ್ಬಳು ಮಗು, ಒಬ್ಬಳು ಟೀಚರ್. ಮಗುವಾಗಿ ಕೆಳಗೆ ಕೂತವಳಿಗೆ ನಿಂತವಳ ದನಿ ಎಷ್ಟು ದೊಡ್ಡದಾಗಿ ಕೇಳುತ್ತದೆಂದು ಆಗಲೇ ಗೊತ್ತಾಗುವುದು.

ಜೂನಿನ ಅಳುವಿಗೆ ಮದ್ದು ಸಮಯ. ಮಿಠಾಯಿ ಕೊಟ್ಟು, “ಅಮ್ಮ ಈಗ ಬಂದೇ ಬಿಡ್ತಾಳೆ” ಎಂದು ಸುಳ್ಳು ಹೇಳಿ ಅಳು ನಿಲ್ಲಿಸಿದರೆ ಮಗು ನಿಮ್ಮನ್ನು ನಂಬುವುದು ಇನ್ನೂ ತಡವಾಗುತ್ತದೆ. “ಊಟ ಆಗಿ, ಮಲಗಿ ಎದ್ದ ಮೇಲೆ ಅಮ್ಮ ಬರ್ತಾಳೆ” ಎಂದು ನಿಜ ಹೇಳಿ. ಗಡಿಯಾರ ತಿಳಿಯದ ಮಗುವಿಗೆ ಊಟ, ನಿದ್ದೆಗಳೇ ಗಂಟೆಗಳು.

“ಚೆನ್ನಾಗಿ ಕನ್ನಡ ಬಂದರೆ ಸಾಕು”

ಮೈಸೂರು ಕಡೆಯ ಹುಡುಗಿಯೊಬ್ಬಳನ್ನು ಕರಾವಳಿಯ ಅಂಗನವಾಡಿಗೆ ಹಾಕಿದರು ಎಂದುಕೊಳ್ಳಿ. ಒಂದು ಮಗು “ಅಪ್ಪೆ, ಅಪ್ಪೆ” ಎಂದು ಅಳುತ್ತಿದೆ. ಇವಳು “ಅಪ್ಪ ಸಂಜೆ ಬರ್ತಾರೆ ಕಂದಾ” ಎಂದು ಸಮಾಧಾನ ಮಾಡುತ್ತಾಳೆ. ಮಗುವಿನ ಅಳು ಹೆಚ್ಚಾಗುತ್ತದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ತಂದೆಗೆ ಅಮ್ಮೆ. ಲಂಬಾಣಿ ತಾಂಡಾದ ಮಗುವಿಗೆ ತಾಯಿ ಯಾಡಿ, ನೀರು ಪಾಣಿ. ಬಳ್ಳಾರಿ, ಪಾವಗಡದ ಕಡೆ ನೀಳ್ಳು ಎನ್ನುವ ಮನೆಗಳು ಎಷ್ಟೋ. ಬೆಂಗಳೂರಿನ ಯಾವ ಕಟ್ಟಡ ಕೆಲಸದ ಶೆಡ್ಡಿನ ಬಳಿಯ ಕೇಂದ್ರಕ್ಕೆ ಹೋದರೂ ನಾಲ್ಕಾರು ಭಾಷೆ ಕೇಳಿಸುತ್ತವೆ. ಬೀದರಿನಿಂದ ಚಾಮರಾಜನಗರದವರೆಗೆ ಕನ್ನಡವೂ ಒಂದೇ ಅಲ್ಲ. ಟೀಚರನ್ನು ಅಕ್ಕೋರೆ ಎಂದು ಕರೆಯುವ ಊರಿಗೆ ಹೋಗಿ “ಮಿಸ್ ಅನ್ನು” ಎಂದು ತಿದ್ದುವುದು ತರವಲ್ಲ.

ಭಾಷೆಯನ್ನೆಲ್ಲ ಕಲಿತು ಹೋಗಲು ಆಗುವುದಿಲ್ಲ. ಹತ್ತು ಮಾತು ಕಲಿಯಬಹುದು: ನೀರು, ಹಸಿವು, ನೋವು, ಅಮ್ಮ, ಬೇಕು, ಬೇಡ, ನಿದ್ದೆ, ಹೆದರಿಕೆ, ಒಂದಕ್ಕೆ, ಎರಡಕ್ಕೆ. ಕೇಂದ್ರಕ್ಕೆ ಹೋಗುವ ಮೊದಲ ವಾರವೇ ಅಲ್ಲಿನ ಸಹಾಯಕಿಯನ್ನೋ ದೊಡ್ಡ ಮಕ್ಕಳನ್ನೋ ಕೇಳಿ ಬರೆದುಕೊಳ್ಳಿ. ಮೂರರ ಮಗುವಿಗೆ ತನ್ನ ಮನೆಯ ಒಂದು ಮಾತು ಟೀಚರ್ ಬಾಯಲ್ಲಿ ಕೇಳಿದರೆ ಆಗುವ ನೆಮ್ಮದಿಯನ್ನು ನೋಡಿಯೇ ತಿಳಿಯಬೇಕು.

“ಅಲ್ಲಿರೋರಿಗೆ ಹೊಸ ಪದ್ಧತಿ ಗೊತ್ತಿಲ್ಲ, ನಾವು ತೋರಿಸಬೇಕು”

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂದಿನಿಂದ ಅಂಗನವಾಡಿ ಕಾರ್ಯಕರ್ತೆಯ ತಲೆಯ ಮೇಲೆ ಆರು ಸೇವೆಗಳು: ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಆರೋಗ್ಯ ಮತ್ತು ಆಹಾರದ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಬೇಕಾದವರನ್ನು ಆಸ್ಪತ್ರೆಗೆ ಕಳಿಸುವುದು. ನೀವು ಕಲಿಸಲು ಹೋಗುವುದು ಅವರ ಆರರಲ್ಲಿ ಒಂದನ್ನು ಮಾತ್ರ. ಅವರು ತೂಕ ನೋಡಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರಿಗೆ ತುಂಬಬೇಕು, ಬಾಣಂತಿಯ ಮನೆಗೆ ಹೋಗಬೇಕು, ಮಕ್ಕಳಿಗೆ ದಿನಕ್ಕೆ ನಿಗದಿಯಾದಷ್ಟು ಕ್ಯಾಲೊರಿ, ಪ್ರೋಟೀನು ಸಿಗುವ ಲೆಕ್ಕದ ಊಟ ಬಡಿಸಬೇಕು. ಕೈಗೆ ಬರುವುದು ಸಂಬಳವಲ್ಲ, ಗೌರವಧನ.

ಆದ್ದರಿಂದ ಮೊದಲ ದಿನ “ಅಕ್ಕಾ, ನಾನೇನು ಮಾಡಲಿ?” ಎಂದು ಕೇಳಿ. ಸಹಾಯಕಿಯನ್ನು ಅಡುಗೆಯವಳೆಂದು ಬದಿಗಿಡಬೇಡಿ. ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬರುತ್ತದೆ, ಯಾರ ಮನೆಯಲ್ಲಿ ರಾತ್ರಿ ಜಗಳ, ಯಾವ ಮಗುವಿಗೆ ಮೊಟ್ಟೆ ಒಗ್ಗುವುದಿಲ್ಲ, ಇವೆಲ್ಲ ಆಕೆಗೆ ಗೊತ್ತು. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಚೆನ್ನಾಗಿ ಕಲಿತವರೆಲ್ಲ ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಆಕೆಯ ಜತೆ ಮಾತಾಡಿದವರು.

“ಮೂಗು ಒರೆಸೋದು, ಚಡ್ಡಿ ಬದಲಿಸೋದು ನಮ್ಮ ಕೆಲಸ ಅಲ್ಲ”

ನಿಮ್ಮದೇ. ಮಾಡುವಾಗ ಮಗುವಿಗೆ ಹೇಳಿ ಮಾಡಿ, ನಾಚಿಕೆಪಡಿಸಬೇಡಿ, ಇನ್ನೊಬ್ಬ ದೊಡ್ಡವರಿಗೆ ಕಾಣುವಂತೆ ಇರಿ. ಮಗುವಿನ ಮೈಮೇಲೆ ಗಾಯವೋ, ಮಾತಿನಲ್ಲಿ ಭಯವೋ ಕಂಡು ಲೈಂಗಿಕ ದೌರ್ಜನ್ಯದ ಸಂಶಯ ಬಂದರೆ ಸುಮ್ಮನಿರುವ ಹಕ್ಕು ನಿಮಗಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ.

“ಗಮನಿಸೋ ವಾರ ಅಂದರೆ ಸುಮ್ಮನೆ ಕೂರೋ ವಾರ”

ಮೊದಲ ವಾರ ಹೆಚ್ಚಿನ ಕಡೆ ಪಾಠ ಕೊಡುವುದಿಲ್ಲ, ನೋಡಿ ಬರೆದುಕೊಳ್ಳಿ ಎನ್ನುತ್ತಾರೆ. ವಾರದ ಕೊನೆಗೆ ಪುಸ್ತಕ ತೆರೆದರೆ “ಮಕ್ಕಳು ಚೆನ್ನಾಗಿದ್ದಾರೆ. ಒಬ್ಬ ಹುಡುಗ ತುಂಬಾ ಹಟಮಾರಿ” ಎಂದಿರುತ್ತದೆ. ಹಟಮಾರಿ ಎನ್ನುವುದು ತೀರ್ಪು, ಕಂಡದ್ದಲ್ಲ. ಕಂಡದ್ದನ್ನು ಬರೆಯುವುದು ಹೀಗೆ: “ಹಾಡಿನ ಹೊತ್ತಿಗೆ ಕಿಟಕಿಯ ಬಳಿ ನಿಂತಿದ್ದ. ಕರೆದಾಗ ತಿರುಗಲಿಲ್ಲ. ಹೊರಗೆ ಟ್ರ್ಯಾಕ್ಟರ್ ಸದ್ದಾದಾಗಲೂ ತಿರುಗಲಿಲ್ಲ. ಭುಜ ಮುಟ್ಟಿದಾಗ ತಿರುಗಿ ನಕ್ಕ.” ಒಂದು ವರ್ಷ ನಮ್ಮ ಹುಡುಗಿಯೊಬ್ಬಳು ಹೆಚ್ಚುಕಡಿಮೆ ಇಂಥದ್ದೇ ನಾಲ್ಕು ಸಾಲು ಬರೆದು ತಂದಳು. ಅದನ್ನು ಓದಿದ ಕಾರ್ಯಕರ್ತೆ ಮಗುವಿನ ತಾಯಿಯನ್ನು ಕರೆಸಿ ಕಿವಿಯ ಪರೀಕ್ಷೆಗೆ ಕಳಿಸಿದರು. ಅವನಿಗೆ ಎರಡೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅಲ್ಲಿಯವರೆಗೆ ಎಲ್ಲರಿಗೂ ಅವನು ಹಟಮಾರಿಯೇ ಆಗಿದ್ದ. ಆ ಹುಡುಗಿಯ ಪಾಠಯೋಜನೆ ಸಾಧಾರಣವಾಗಿತ್ತು, ಅಂಕವೂ ಸಾಧಾರಣವೇ ಬಂತು. ನನ್ನ ಲೆಕ್ಕದಲ್ಲಿ ಆ ವರ್ಷದ ಅತ್ಯುತ್ತಮ ಪ್ರಶಿಕ್ಷಣಾರ್ಥಿ ಅವಳೇ.

ದಿನಕ್ಕೆ ಇಬ್ಬರೇ ಮಕ್ಕಳು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಅಷ್ಟು ನೋಡಿ ಬರೆದರೆ ಸಾಕು, ಎರಡು ವಾರದಲ್ಲಿ ಇಡೀ ಕೇಂದ್ರ ಗೊತ್ತಾಗಿರುತ್ತದೆ.

“ಕೊನೆಯ ದಿನ ಸುಮ್ಮನೆ ಬಂದುಬಿಟ್ಟರೆ ಮಕ್ಕಳು ಅಳಲ್ಲ”

ಅವರು ನಿಮ್ಮೆದುರು ಅಳುವುದಿಲ್ಲ, ಅಷ್ಟೇ. ಮರುದಿನ ಬಾಗಿಲಲ್ಲಿ ಕಾಯುತ್ತಾರೆ. ಹತ್ತು ಹದಿನೈದು ವಾರ ದಿನವೂ ಬಂದ ಮುಖ ಹೇಳದೆ ಮಾಯವಾದರೆ, ನಿಮ್ಮ ಹಿಂದೆ ಬರುವ ಇನ್ನೊಬ್ಬ ಪ್ರಶಿಕ್ಷಣಾರ್ಥಿಯ ಬಳಿ ಆ ಮಕ್ಕಳು ಸುಲಭವಾಗಿ ಬರುವುದಿಲ್ಲ. ಒಂದು ವಾರ ಮುಂಚೆ ಹೇಳಿ. ದಿನಕ್ಕೊಂದರಂತೆ ಐದು ಹುಣಸೆಬೀಜ ಡಬ್ಬಿಯಿಂದ ತೆಗೆಸಿ, “ಇನ್ನು ನಾಲ್ಕು ದಿನ ಇರ್ತೀನಿ, ಇನ್ನು ಮೂರು” ಎಂದು ಎಣಿಸಿ. ಮನೆಗೊಯ್ಯಲು ಅವರದೇ ಚಿತ್ರಗಳ ಕಡತ ಕೊಡಿ. ನಿಮ್ಮ ಬಾಯಿಪಾಠದ ಹಾಡುಗಳನ್ನು ಕಾರ್ಯಕರ್ತೆಗೆ ಬರೆದುಕೊಟ್ಟು ಬನ್ನಿ, ಮರುದಿನ ಮಕ್ಕಳು ಅವನ್ನೇ ಕೇಳುತ್ತಾರೆ.